ಚನ್ನಬಸಮ್ಮ ಸೂಪು ಕುಡಿದದ್ದು

ಶನಿವಾರಸಂತೆಯಲ್ಲಿ ಮೆಣಸಿನಕಾಯಿ, ಬೆಲ್ಲ, ಉಪ್ಪಿನ ವ್ಯಾಪಾರ ಮಾಡುತ್ತಿದ್ದ ಸಿದ್ದಬಸಪ್ಪನವರ ಹೆಂಡತಿ ಚನ್ನಬಸಮ್ಮನಿಗೆ ಐವತ್ತು ತುಂಬುವ ಹೊತ್ತಿಗೆ ಬಾಯಲ್ಲಿ ಗಟ್ಟಿ ಹಲ್ಲು ಒಂದೂ ಉಳಿದಿರಲಿಲ್ಲ. ಕೆಲವು ತಾವಾಗಿಯೇ ಬಿದ್ದುಹೋಗಿದ್ದವು. ಮಿಕ್ಕವು ಅತ್ತ ಬೀಳದೆ ಇತ್ತ ನಿಲ್ಲದೆ ಸರದಿಯ ಮೇಲೆ ನೋಯುತ್ತಿದ್ದವು. ಲವಂಗ ಕಚ್ಚಿದಳು, ಇಂಗು ಒತ್ತಿದಳು, ಯಾರೋ ಹೇಳಿದರೆಂದು ಎಕ್ಕದ ಹಾಲು ಹಚ್ಚಿ ತುಟಿ ಸುಟ್ಟುಕೊಂಡಳು. ನೋವು ಇಳಿದ ದಿನ ಮರೆತಳು, ಏರಿದ ದಿನ ಸೆರಗು ಸುತ್ತಿ ದವಡೆಗೆ ಬಿಗಿದುಕೊಂಡು ಒಲೆಯ ಮುಂದೆ ಕೂತಳು.

ಒಲೆ ಬಿಟ್ಟು ಏಳುವ ಹಾಗಿರಲಿಲ್ಲ. ಅವರ ಮನೆ ಇದ್ದದ್ದು ಸಂತೆ ಮಾಳದ ಪಕ್ಕದಲ್ಲಿ. ಶನಿವಾರ ಬಂತೆಂದರೆ ಕೊಡ್ಲಿಪೇಟೆ ಕಡೆಯ ನೆಂಟರು, ಯಸಳೂರು ಕಡೆಯಿಂದ ಗಾಡಿ ಹೊಡೆದುಕೊಂಡು ಬಂದ ವ್ಯಾಪಾರಸ್ಥರು, ಮಗಳಿಗೆ ಗಂಡು ಹುಡುಕುತ್ತ ಬಂದವರು, ಮಠದ ಕಡೆಯವರು, ಹೀಗೆ ಬೆಳಿಗ್ಗೆ ಹಾಕಿದ ಎಲೆ ಸಂಜೆಯಾದರೂ ನಿಲ್ಲುತ್ತಿರಲಿಲ್ಲ. ಚನ್ನಬಸಮ್ಮ ಕೋಳಿ ಕೂಗುವ ಮುಂಚೆ ಎದ್ದು ಮಾಡಿದ್ದನ್ನು ಎಲ್ಲರಿಗೂ ಬಡಿಸಿ, ಹೊತ್ತು ಮುಳುಗುವಾಗ ಪಾತ್ರೆಯ ತಳದಲ್ಲಿ ಏನಿದ್ದರೆ ಅದನ್ನು ತಿನ್ನುತ್ತಿದ್ದಳು. ಅವಳ ಅತ್ತೆಯೂ ಹಾಗೆಯೇ ತಿಂದವರು. ಇದರಲ್ಲಿ ದೂರುವಂಥದ್ದೇನಾದರೂ ಇದೆ ಎಂದು ಅವಳಿಗೆ ತೋರಿರಲಿಲ್ಲ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಅವಳ ಕೆನ್ನೆ ಊದಿ ಬಾಯಿ ತೆರೆಯಲಾಗದೆ ಹೋಯಿತು. ಆ ಶನಿವಾರದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಉಂಡು ಎದ್ದ ನೆಂಟರು ಏನೂ ಹೇಳಲಿಲ್ಲ. ಸಿದ್ದಬಸಪ್ಪನವರಿಗೆ ಮಾತ್ರ ಆಗ ಏನೋ ಕೆಟ್ಟಿದೆ ಅನ್ನಿಸಿ ಒಳಗೆ ಬಂದು ಹೆಂಡತಿಯ ಮುಖ ನೋಡಿದರು.

"ಇಷ್ಟು ಬಾತೈತೆ, ಹೇಳಬಾರ್ದೇನೇ?" ಎಂದರು.

ಅವಳು ಬಾಯಿಯ ಕಡೆ ಕೈ ತೋರಿಸಿದಳು.

ಅವರ ಮಗಳು ಸುಮಿತ್ರಮ್ಮನನ್ನು ಮಡಿಕೇರಿಗೆ ಕೊಟ್ಟಿತ್ತು. ಅಳಿಯ ಮರುಳಸಿದ್ದಪ್ಪ ಅಲ್ಲಿ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಮಡಿಕೇರಿ ಆಸ್ಪತ್ರೆಯಲ್ಲಿ ಹಲ್ಲು ಕೀಳುತ್ತಾರೆಂದು ಸಿದ್ದಬಸಪ್ಪನವರು ಹೆಂಡತಿಯನ್ನು ಮೋಟಾರು ಹತ್ತಿಸಿದರು. ಅವಳ ಕಾಲ ಬಳಿ ಮಗಳಿಗೆಂದು ಅಕ್ಕಿಹಿಟ್ಟು, ಬೆಲ್ಲ, ಮೆಣಸಿನಕಾಯಿ ತುಂಬಿದ ಚೀಲ ಇಟ್ಟರು. ಮಾದಾಪುರದ ತಿರುವುಗಳಲ್ಲಿ ಅವಳು ಕಿಟಕಿಯಿಂದ ಹೊರಗೆ ತಲೆ ಹಾಕಿಕೊಂಡೇ ಕೂತಿದ್ದಳು. ಮಡಿಕೇರಿಯಲ್ಲಿ ಇಳಿದಾಗ ಊರೆಲ್ಲ ಮಂಜು ಕವಿದಿತ್ತು. ಮಗಳ ಮನೆ ಯಾವುದು, ಪಕ್ಕದ ಮನೆ ಯಾವುದು ಗೊತ್ತಾಗುವಂತಿರಲಿಲ್ಲ.

ಡಾಕ್ಟರು ಬಾಯಿ ನೋಡಿ, ಎಲ್ಲವನ್ನೂ ತೆಗೆಯಬೇಕು, ಒಟ್ಟಿಗೆ ಆಗದು, ವಾರಕ್ಕೆ ಕೆಲವಷ್ಟು ಎಂದರು. ಹಾಗಾಗಿ ಶಿವರಾತ್ರಿ ಹತ್ತಿರ ಬರುವವರೆಗೂ ಚನ್ನಬಸಮ್ಮ ಮಗಳ ಮನೆಯಲ್ಲಿ ಉಳಿಯುವುದೆಂದಾಯಿತು. ಮೊದಲ ಸಲ ಅಳಿಯನೇ ರಜೆ ಹಾಕಿ ಕರೆದುಕೊಂಡು ಹೋದ. ಬಾಯಲ್ಲಿ ಹತ್ತಿ ತುಂಬಿಕೊಂಡು ಬಂದವಳು ಆ ದಿನ ಮಲಗಿದಳು. ಮಾರನೆಯ ದಿನ ಬೆಳಿಗ್ಗೆ ಮಗಳ ಒಲೆಯ ಮುಂದೆ ಕೂತಿದ್ದಳು. ಕೂರು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸುಮಿತ್ರಮ್ಮನಿಗೆ ಸೊಂಟದ ಮೇಲೆ ಒಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ಬಗ್ಗಿ ಒಲೆ ಊದುವುದೇ ಅವಳಿಗೆ ಕಷ್ಟವಾಗಿತ್ತು. ತಾಯಿ ಬಂದಳಲ್ಲ ಎಂದು ಅವಳು ಉಸಿರು ಬಿಟ್ಟಳು.

ಚನ್ನಬಸಮ್ಮ ಅಕ್ಕಿ ರೊಟ್ಟಿ ತಟ್ಟಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಹುರುಳಿಕಾಳು ಬೇಯಿಸಿ ಕಟ್ಟಿನ ಸಾರು ಮಾಡಿದಳು. ಅಳಿಯ ಚಪ್ಪರಿಸಿಕೊಂಡು ಉಂಡ. ಅವಳಿಗೆ ಅದರಲ್ಲಿ ಯಾವುದನ್ನೂ ಅಗಿಯಲಾಗುತ್ತಿರಲಿಲ್ಲ. ಗಂಜಿ ನೀರಿಗೆ ಮಜ್ಜಿಗೆ ಬೆರೆಸಿ ಕುಡಿದು ಎದ್ದುಬಿಡುತ್ತಿದ್ದಳು. ಕುಪ್ಪಸ ತೋಳಿನಲ್ಲಿ ಸಡಿಲವಾಯಿತು. ಕೈಬಳೆ ಮೊಣಕೈವರೆಗೆ ಜಾರತೊಡಗಿತು.

ಮೂರನೆಯ ಸಲ ಹಲ್ಲು ಕೀಳಿಸುವ ದಿನ ಅಳಿಯನ ಆಫೀಸಿಗೆ ಮೇಲಿನವರು ತಪಾಸಣೆಗೆ ಬರುವವರಿದ್ದರು. ಅವನು ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಚನ್ನಬಸಮ್ಮನೇ, "ನೆಟ್ಟಗೆ ಇಳಿದ್ರೆ ಆಸ್ಪತ್ರೆ, ನೆಟ್ಟಗೆ ಹತ್ತಿದ್ರೆ ಮನೆ. ದಾರಿ ತಪ್ಪಕ್ಕೆ ಏನೈತೆ? ನಾನೇ ಹೋಗ್ಬತ್ತೀನಿ" ಎಂದಳು.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಕೋಟೆಯ ಕೆಳಗಿನ ಏರಿನಲ್ಲಿ ಅವಳಿಗೆ ಕಣ್ಣು ಕತ್ತಲೆ ಬಂತು. ದಾರಿ ಪಕ್ಕದ ಒಂದು ಬಾಗಿಲಿನ ಮೆಟ್ಟಿಲು ಸಿಕ್ಕಿತು, ಅದರ ಮೇಲೆ ಕೂತಳು. ಒಳಗಿನಿಂದ ಬೆಣ್ಣೆ ಕಾಯಿಸಿದ ವಾಸನೆ, ಅದರ ಹಿಂದೆಯೇ ಕಾಳುಮೆಣಸಿನ ವಾಸನೆ ಬಂತು.

ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ, ತಲೆಗೆ ಬಿಳಿಯ ವಸ್ತ್ರ ಕಟ್ಟಿದ್ದಳು. ವಯಸ್ಸಿನಲ್ಲಿ ಚನ್ನಬಸಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು.

"ಎಂತ ಆಯ್ತು ಅಕ್ಕ? ತಲೆ ತಿರುಗ್ತಾ ಉಂಟಾ?"

ಚನ್ನಬಸಮ್ಮ ಕೆನ್ನೆ ತೋರಿಸಿದಳು.

"ಹಲ್ಲು ಕಿತ್ತದ್ದಾ? ಒಳಗೆ ಬನ್ನಿ. ಇಲ್ಲಿ ಚಳಿ ಗಾಳಿ, ಗಾಯಕ್ಕೆ ಒಳ್ಳೇದಲ್ಲ."

ಚನ್ನಬಸಮ್ಮ ಏಳಲಿಲ್ಲ. ಬಾಯಿಂದ ಹತ್ತಿ ತೆಗೆದು, "ನೀವು ಯಾವ ಜನ?" ಎಂದು ಕೇಳಿದಳು.

"ನಾವು ಕೊಡವರು. ನಿಮ್ಮ ಹಣೆ ನೋಡಿದ್ರೆ ನೀವು ಯಾರಂತ ಗೊತ್ತಾಗ್ತದೆ" ಎಂದು ಆ ಹೆಂಗಸು ಬೇಸರವಿಲ್ಲದೆ ಹೇಳಿದಳು. "ಈ ಅಂಗಡಿ ಒಲೆ ಮೇಲೆ ಮಾಂಸ, ಮೊಟ್ಟೆ ಎಂತದ್ದೂ ಇಡುವುದಿಲ್ಲ. ಇಲ್ಲೇ ಮೇಲೆ ಕೋರ್ಟಿಗೆ ಎಲ್ಲಾ ಜನ ಬರ್ತಾರಲ್ಲ, ಅದಕ್ಕೇ. ನನ್ನ ಮನೆಯ ಅಡುಗೆ ಹಿಂದೆ ಬೇರೆ ಉಂಟು. ಸೂಪು ಉಂಟು, ಕುಡಿಯುವುದು ಬೇಡ ಆದ್ರೆ ಬೇಡ. ಸುಮ್ನೆ ಬೆಂಚಿನ ಮೇಲೆ ಕೂತು ಹೋಗಿ."

ಹೆಂಗಸಿನ ಹೆಸರು ಬೋಜಮ್ಮ. ಅವಳ ಗಂಡ ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಕಡೆ ಒಬ್ಬ ಬಿಳಿಯ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಚಳಿಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ದೊರೆಸಾನಿ ಇವಳನ್ನು ಬಂಗಲೆಯ ಅಡುಗೆಮನೆಗೆ ಕರೆದುಕೊಂಡಳು. ಅಲ್ಲಿ ಅವಳು ಎಂಟು ಹತ್ತು ವರ್ಷ ಇದ್ದಳು. ಕಾಫಿಯ ಬೆಲೆ ಬಿದ್ದುಹೋದಾಗ ದೊರೆ ತೋಟ ಮಾರಿ ಹೆಂಡತಿಯ ಜೊತೆ ಹಡಗು ಹತ್ತಿದ. ಹೋಗುವಾಗ ದೊರೆಸಾನಿ ಒಂದಷ್ಟು ಪಿಂಗಾಣಿ ಬಟ್ಟಲುಗಳನ್ನು ಬೋಜಮ್ಮನಿಗೆ ಕೊಟ್ಟಳು. ಬಿಟ್ಟಂಗಾಲದಲ್ಲೇ ಇದ್ದ ಅಣ್ಣನ ಮನೆಗೆ ಹಿಂತಿರುಗಲು ಮನಸ್ಸಾಗದೆ ಬೋಜಮ್ಮ ಮಡಿಕೇರಿಗೆ ಬಂದು, ಆ ಏರಿನಲ್ಲಿ ಎರಡು ಕೋಣೆ ಹಿಡಿದು, ಮುಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿದಳು. ಅಲ್ಲಿ ಸಿಗುತ್ತಿದ್ದದ್ದು ಸೂಪು, ಬ್ರೆಡ್ಡು, ಕಾಫಿ. ಬ್ರೆಡ್ಡನ್ನು ತೆಳ್ಳಗೆ ಕೊಯ್ದು, ನಡುವೆ ಬೆಣ್ಣೆ, ಸೌತೆಕಾಯಿ, ಕೊತ್ತಂಬರಿ ಚಟ್ನಿ ಇಟ್ಟು ಮುಚ್ಚಿ, ಅಂಚು ತೆಗೆದು, ಮೂಲೆಯಿಂದ ಮೂಲೆಗೆ ಕತ್ತರಿಸಿ ಕೊಡುತ್ತಿದ್ದಳು. ಬಂಗಲೆಯಲ್ಲಿ ಅದಕ್ಕೆ ಸ್ಯಾಂಡ್‌ವಿಚ್ ಅನ್ನುತ್ತಿದ್ದರು. ಕೋರ್ಟಿನ ಜನ ಜೋಡಿ ರೊಟ್ಟಿ ಅನ್ನುತ್ತಿದ್ದರು. ಬೋಜಮ್ಮ ಯಾವ ಹೆಸರು ಹೇಳಿ ಕೇಳಿದರೂ ಕೊಡುತ್ತಿದ್ದಳು.

ಚನ್ನಬಸಮ್ಮ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಬೋಜಮ್ಮ ಒಂದು ಬಟ್ಟಲು ತಂದು ಮುಂದೆ ಇಟ್ಟಳು. ಅದರಲ್ಲಿದ್ದದ್ದು ಅರಿಸಿನದ ಬಣ್ಣಕ್ಕಿಂತ ತುಸು ಕೆಂಪಗೆ, ಮಂದವಾಗಿತ್ತು.

"ಇದ್ರಾಗೆ ಏನು ಹಾಕೈತೆ?"

"ಗೆಡ್ಡೆಕೋಸು, ಕ್ಯಾರೆಟ್ಟು, ಆಲೂಗೆಡ್ಡೆ, ಬಟಾಣಿ. ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿದ್ದು. ಸ್ವಲ್ಪ ಹಾಲು, ಬೆಣ್ಣೆ, ಮೆಣಸಿನ ಪುಡಿ. ಆರಿಸಿ ಕೊಟ್ಟಿದ್ದೇನೆ, ಬಿಸಿ ಬೇಡ ನಿಮಗೆ ಇವತ್ತು."

ಚನ್ನಬಸಮ್ಮ ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡಿದಳು. ಹುಟ್ಟಿದಾಗಿನಿಂದ ಅವಳು ಲಿಂಗವಿಲ್ಲದವರ ಮನೆಯಲ್ಲಿ ನೀರು ಕೂಡ ಕುಡಿದವಳಲ್ಲ. ಕೊನೆಗೆ ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿ ಹಿಡಿದು, ಮನೆಯಲ್ಲಿ ಅನ್ನ ತೋರಿಸುವಂತೆಯೇ ಬಟ್ಟಲನ್ನು ತೋರಿಸಿದಳು. ಬೋಜಮ್ಮ ಒಲೆಯ ಕಡೆ ತಿರುಗಿಕೊಂಡು ಸೌದೆ ಸರಿಮಾಡುತ್ತ ನಿಂತಳು. ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟ ಮೇಲೆಯೇ ಈ ಕಡೆ ತಿರುಗಿದಳು.

ಸೂಪು ಗಾಯವನ್ನು ಉರಿಸದೆ ಇಳಿಯಿತು. ಬ್ರೆಡ್ಡನ್ನು ಕಚ್ಚಬೇಕಾಗಿರಲಿಲ್ಲ. ಸೂಪಿನಲ್ಲಿ ಅದ್ದಿ ನಾಲಿಗೆಯ ಮೇಲೆ ಇಟ್ಟರೆ ಸಾಕು, ಬೆಣ್ಣೆಯೂ ಚಟ್ನಿಯೂ ತಾವಾಗಿಯೇ ಕರಗುತ್ತಿದ್ದವು. ಸೌತೆಕಾಯಿಯನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟಳು. ಬಟ್ಟಲು ಬರಿದಾಗುವುದನ್ನು ನೋಡಿ ಬೋಜಮ್ಮ ಸೌಟು ಹಿಡಿದುಕೊಂಡು ಬಂದಳು.

"ಇನ್ನೂ ಸ್ವಲ್ಪ ಹಾಕ್ಲಾ ಅಕ್ಕ?"

ತವರು ಬಿಟ್ಟ ಮೇಲೆ ಈ ಮಾತನ್ನು ಚನ್ನಬಸಮ್ಮ ಸಾವಿರ ಸಲ ಬೇರೆಯವರಿಗೆ ಕೇಳಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

"ಹಾಕವ್ವ" ಎಂದಳು.

ಆಸ್ಪತ್ರೆಗೆ ಹೋಗಬೇಕಾದದ್ದು ವಾರಕ್ಕೊಮ್ಮೆ. ಚನ್ನಬಸಮ್ಮ ಎರಡು ದಿನಕ್ಕೊಮ್ಮೆ ಹೊರಡತೊಡಗಿದಳು. "ಗಾಯ ತೋರಿಸ್ಬೇಕಂತೆ" ಎಂದು ಮಗಳಿಗೆ ಹೇಳುತ್ತಿದ್ದಳು. ಬೆಳಗಿನ ಅಡುಗೆ ಮುಗಿಸಿ, ಅಳಿಯ ಆಫೀಸಿಗೆ ಹೋದ ಮೇಲೆ ಕಂಬಳಿ ಹೊದ್ದು ಇಳಿದರೆ ಮಧ್ಯಾಹ್ನಕ್ಕೆ ಹಿಂತಿರುಗುತ್ತಿದ್ದಳು. ಬೋಜಮ್ಮ ಅವಳ ಪಾಲಿನ ಬ್ರೆಡ್ಡಿನಲ್ಲಿ ಸೌತೆಕಾಯಿ ಹಾಕುವುದನ್ನು ಬಿಟ್ಟಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಚನ್ನಬಸಮ್ಮನ ಬಾಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ, ಬೋಜಮ್ಮನಿಗೆ ಕೈತುಂಬ ಕೆಲಸ. ಒಮ್ಮೊಮ್ಮೆ ಚನ್ನಬಸಮ್ಮ ಸುಮ್ಮನೆ ಕೂರಲಾರದೆ ಬಟಾಣಿ ಬಿಡಿಸಲು ಕೈ ಚಾಚುವಳು. ಬೋಜಮ್ಮ ಮೊರವನ್ನು ಆಚೆ ಎಳೆದುಕೊಂಡು, "ಅದು ನನ್ನ ಕೆಲಸ. ನೀವು ಕುಡಿಯಿರಿ" ಅನ್ನುವಳು.

ಕೋರ್ಟಿನ ಸಮನ್ಸು ಹಂಚುವ ಅಮೀನ ಕುಶಾಲಪ್ಪ ಅಲ್ಲಿಗೆ ದಿನಾ ಬರುವವನು. ಸೊರ್ರೆಂದು ಸದ್ದು ಮಾಡುತ್ತ ಸೂಪು ಕುಡಿಯುವ, ಎಲ್ಲರನ್ನೂ ಮಾತಾಡಿಸುವ ಮನುಷ್ಯ. ಮೂಲೆಯಲ್ಲಿ ಕೂರುವ ಈ ಹೆಂಗಸು ಗುಮಾಸ್ತ ಮರುಳಸಿದ್ದಪ್ಪನ ಅತ್ತೆ ಎಂದು ಅವನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಒಂದು ದಿನ ಕಚೇರಿಯ ಜಗಲಿಯಲ್ಲಿ ಅಳಿಯ ಎದುರಾದಾಗ, ನಾಲ್ಕು ಜನರ ಮುಂದೆಯೇ, "ನಿಮ್ಮ ಅತ್ತೆಯವರಿಗೆ ಬೋಜಮ್ಮನ ಸೂಪು ಭಾರಿ ಹಿಡಿಸಿ ಉಂಟಲ್ಲ ಮಾರಾಯ್ರೆ! ಜೋಡಿ ರೊಟ್ಟಿ ಕೂಡ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮರುಳಸಿದ್ದಪ್ಪ ಆ ದಿನ ಬೇಗ ಮನೆಗೆ ಬಂದ. ಚನ್ನಬಸಮ್ಮ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಅತ್ತೆ, ನೀವು ಹೋಟ್ಲಲ್ಲಿ ಕೂತು ತಿಂತೀರಂತೆ."

"ಹೂಂ."

ಇಲ್ಲ ಎನ್ನುತ್ತಾಳೆಂದು ಅವನು ಸಿದ್ಧವಾಗಿ ಬಂದಿದ್ದ.

"ಲಿಂಗ ಕಟ್ಟದ ಭವಿಗಳ ಕೈ ಅಡುಗೆ. ಅದೂ ಪಿಂಗಾಣಿ ಬಟ್ಟಲಲ್ಲಿ. ಆಫೀಸಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಆ ಬ್ರೆಡ್ಡಿನ ಹಿಟ್ಟು ಉಬ್ಬೋದಕ್ಕೆ ಏನು ಹಾಕ್ತಾರೆ ಗೊತ್ತಾ ನಿಮಗೆ? ಬೈನೆ ಹೆಂಡ!"

ಚನ್ನಬಸಮ್ಮನ ಕೈ ಹಿಟ್ಟಿನಲ್ಲಿ ನಿಂತಿತು. ಇದು ಅವಳಿಗೆ ಗೊತ್ತಿರಲಿಲ್ಲ.

"ಮನೇಲಿ ಊಟಕ್ಕೆ ಏನು ಕಮ್ಮಿ ಆಗಿತ್ತು ಅತ್ತೆ?"

"ಏನೂ ಕಮ್ಮಿ ಇಲ್ಲ ಕಣಪ್ಪ. ದಿನಾ ನಾನೇ ಮಾಡ್ತೀನಲ್ಲ" ಎಂದು ಅವಳು ಕೈ ಉಜ್ಜಿಕೊಂಡಳು. "ನಿನ್ನೆ ನಾನು ಏನು ಮಾಡಿದ್ದೆ, ಹೇಳು ನೋಡಣ."

"ರೊಟ್ಟಿ, ಎಣ್ಣೆಗಾಯಿ."

"ಅದ್ರಾಗೆ ನಾನೆಷ್ಟು ತಿಂದೆ?"

ಅವನು ಹೆಂಡತಿಯ ಮುಖ ನೋಡಿದ. ಸುಮಿತ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ.

"ನಾನು ಬಂದು ತಿಂಗಳ ಮೇಲಾಯ್ತು. ಬಾಯಾಗೆ ಹಲ್ಲಿಲ್ಲ, ಏನು ಉಣ್ತೀಯ ಅಂತ ಈ ಮನೇಲಿ ಒಬ್ರೂ ಕೇಳ್ಲಿಲ್ಲ. ಬೈಯಕ್ಕೆ ಹೇಳ್ತಿಲ್ಲ, ನಂಗೂ ಹೇಳ್ಕಬೇಕು ಅನ್ನಿಸ್ಲಿಲ್ಲ. ಆಯಮ್ಮ ಕೇಳಿದ್ಲು, ಕುಡಿದೆ."

ಇಷ್ಟು ಹೇಳಿ ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಸುಮಿತ್ರಮ್ಮ ಕೂಸನ್ನು ಕೆಳಗಿಳಿಸಿ ಬಿಕ್ಕಿ ಅಳತೊಡಗಿದಳು. ಅಮ್ಮ ಅಳುವುದನ್ನು ನೋಡಿ ಕೂಸೂ ಅತ್ತಿತು. ಮರುಳಸಿದ್ದಪ್ಪ ಕೋಟು ಕಳಚಿ ಗೂಟಕ್ಕೆ ತೂಗುಹಾಕಿ, ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿ ಬಂದ. ಅವನು ಕೆಟ್ಟವನಲ್ಲ. ಸಣ್ಣ ಸಂಬಳ, ದೊಡ್ಡ ಆಫೀಸು, ಯಾರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅವನದು. ಒಳಗೆ ಬಂದು ದನಿ ತಗ್ಗಿಸಿ, "ಹೋಗಲೇಬೇಕು ಅಂತಿದ್ರೆ ಹಿಂದಿನ ಓಣಿ ಕಡೆಯಿಂದ ಹೋಗಿ ಅತ್ತೆ. ದೊಡ್ಡ ರಸ್ತೇಲಿ ಎಲ್ಲಾರೂ ನೋಡ್ತಾರೆ" ಎಂದ.

"ಹಿಂದಿನ ಓಣಿ ಇಳಿಜಾರು ಕಣಪ್ಪ. ಜಾರಿ ಬಿದ್ರೆ ಮೂಳೆನೂ ಮುರೀತದೆ" ಎಂದಳು ಅವಳು.

ಮಾರನೆಯ ಬೆಳಿಗ್ಗೆ ಸುಮಿತ್ರಮ್ಮ ತಾಯಿಗಿಂತ ಮುಂಚೆ ಎದ್ದು ನುಚ್ಚಕ್ಕಿಯನ್ನು ಹಾಲಿನಲ್ಲಿ ಮೆತ್ತಗೆ ಬೇಯಿಸಿ ತಟ್ಟೆಗೆ ಹಾಕಿ ಕೊಟ್ಟಳು. ಚನ್ನಬಸಮ್ಮ ಉಂಡಳು. ಉಂಡು, ಕಂಬಳಿ ಹೊದ್ದು, ದೊಡ್ಡ ರಸ್ತೆಯಲ್ಲೇ ಇಳಿದು ಹೋದಳು.

ಅಂಗಡಿಯಲ್ಲಿ ಕೂತವಳೇ ಬೋಜಮ್ಮನನ್ನು ಕೇಳಿದಳು: "ಬ್ರೆಡ್ಡಿಗೆ ಹೆಂಡ ಹಾಕ್ತಾರೇನವ್ವ?"

"ಹಾಕ್ತಾರೆ. ಬೇಕರಿಯವನು ಹಿಟ್ಟು ಹುಳಿ ಬರ್ಲಿಕ್ಕೆ ಹಾಕ್ತಾನೆ. ನೀವು ಸೂಪಲ್ಲಿ ಎಂತ ಉಂಟು ಅಂತ ಕೇಳಿದ್ರಿ, ಹೇಳಿದೆ. ಇದನ್ನ ಕೇಳ್ಲಿಲ್ಲ. ನನಗೂ ನೆನಪಾಗ್ಲಿಲ್ಲ ಅಕ್ಕ. ತಪ್ಪಾಯ್ತು."

ಪಕ್ಕದ ಬೆಂಚಿನಿಂದ ಕುಶಾಲಪ್ಪ, "ಬೆಂಕಿಯಲ್ಲಿ ಬೆಂದ ಮೇಲೆ ಹೆಂಡ ಎಲ್ಲಿ ಉಳೀತದೆ?" ಎಂದ.

"ನೀವು ಸುಮ್ನಿರಿ ಸ್ವಾಮಿ, ನೀವು ಮಾತಾಡಿದ್ದು ಸಾಕು" ಎಂದಳು ಚನ್ನಬಸಮ್ಮ. ಕುಶಾಲಪ್ಪನಿಗೆ ತಾನು ಮಾಡಿದ್ದು ಆಗ ಹೊಳೆದು ಬಟ್ಟಲಿನೊಳಗೆ ಮುಖ ಹಾಕಿಕೊಂಡ.

ಆ ದಿನ ಅವಳು ಸೂಪು ಮಾತ್ರ ಕುಡಿದು ಎದ್ದಳು. ಬ್ರೆಡ್ಡನ್ನು ತಿನ್ನಲಿಲ್ಲ. ಮುಂದೆಯೂ ಯಾವತ್ತೂ ತಿನ್ನಲಿಲ್ಲ. ಮುಂದಿನ ಸಲ ಹೋದಾಗ ಬೋಜಮ್ಮ ಬೇರೊಂದು ತಟ್ಟೆ ತಂದಿಟ್ಟಳು. ಅಕ್ಕಿ ತರಿಗೆ ಹಾಲು, ತೆಂಗಿನ ತುರಿ ಬೆರೆಸಿ ಹಬೆಯಲ್ಲಿ ಬೇಯಿಸುವ ಪಾಪುಟ್ಟು ಕೊಡವರ ಮನೆಗಳಲ್ಲಿ ಮಾಮೂಲು. ಆ ಪಾಪುಟ್ಟನ್ನು ಬೋಜಮ್ಮ ಅಡ್ಡಡ್ಡ ಸೀಳಿ, ನಡುವೆ ಬೆಣ್ಣೆ ಚಟ್ನಿ ಸವರಿ, ಮತ್ತೆ ಮುಚ್ಚಿ, ಮೂಲೆಯಿಂದ ಮೂಲೆಗೆ ಕತ್ತರಿಸಿದ್ದಳು.

"ಇದಕ್ಕೆ ಹೆಂಡ ಇಲ್ಲ. ನಾನೇ ಮಾಡಿದ್ದು, ಅಂಗಡಿ ಒಲೆಯಲ್ಲೇ" ಎಂದಳು.

ಕುಶಾಲಪ್ಪ ತನಗೂ ಒಂದು ಬೇಕೆಂದ. ವಾರ ಕಳೆಯುವುದರೊಳಗೆ ಕೋರ್ಟಿನ ಬೇರೆಯವರೂ ಅದನ್ನೇ ಕೇಳತೊಡಗಿದರು. ಅಂಚು ತೆಗೆಯುವ ಕೆಲಸವೂ ಇಲ್ಲದ್ದರಿಂದ ಬೋಜಮ್ಮನಿಗೆ ಅದೇ ಸಲೀಸಾಯಿತು.

ಶಿವರಾತ್ರಿಗೆ ಮುಂಚೆ ಸಿದ್ದಬಸಪ್ಪನವರು ಹೆಂಡತಿಯನ್ನು ಕರೆದೊಯ್ಯಲು ಬಂದರು. ಮೋಟಾರು ನಿಲ್ಲುವಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಅಳಿಯ ಎಲ್ಲವನ್ನೂ ಹೇಳಿದ. ಬೇರೆಯವರ ಬಾಯಿಂದ ತಿಳಿಯುವುದು ಬೇಡ ಎಂಬುದು ಅವನ ಲೆಕ್ಕ. ಸಿದ್ದಬಸಪ್ಪನವರು ಕೊಡೆ ಊರಿಕೊಂಡು ಕೇಳುತ್ತ ಬಂದರು. ಮನೆಗೆ ಬಂದು ಕಾಲು ತೊಳೆದು ಹೆಂಡತಿಯನ್ನು ನೋಡಿದರು. ಬಾಯಿ ಒಳಗೆ ಹೋಗಿತ್ತು. ಕೆನ್ನೆಯ ಬಾವು ಇಳಿದಿತ್ತು. ಬಳೆ ಮುಂಗೈಯಲ್ಲಿ ನಿಂತಿತ್ತು.

"ಮೈ ತುಂಬ್ಕೊಂಡೀಯ" ಎಂದರು. ಅಷ್ಟೇ.

ಮಾರನೆಯ ದಿನ ಹೊರಟಾಗ ಅಂಗಡಿಯ ಮುಂದೆ ಚನ್ನಬಸಮ್ಮ, "ಒಂದು ಗಳಿಗೆ ನಿಲ್ಲಿ, ಹೇಳಿ ಬತ್ತೀನಿ" ಎಂದು ಒಳಗೆ ಹೋದಳು. ಅವರು ರಸ್ತೆಯಲ್ಲೇ ನಿಂತರು. ಬೋಜಮ್ಮ ಬಾಗಿಲಿಗೆ ಬಂದು, ಒಂದು ಲೋಟ ಕಾಫಿಯಾದರೂ ಆಗಬಹುದೇ ಎಂದು ಕೇಳಿದಳು.

"ನಮ್ಮಲ್ಲಿ ಆಗಲ್ಲ ತಾಯಿ, ತಪ್ಪು ತಿಳೀಬೇಡಿ" ಎಂದು ಸಿದ್ದಬಸಪ್ಪನವರು ಕೈ ಮುಗಿದರು. ಆಮೇಲೆ, "ಇವಳನ್ನ ನೋಡ್ಕೊಂಡ್ರಲ್ಲ, ದೊಡ್ಡದಾಯ್ತು" ಎಂದರು.

ಶಿವರಾತ್ರಿಗೆ ಮಠದ ಅಯ್ಯನವರು ಮನೆಗೆ ಬಂದಾಗ ವಿಷಯ ಎತ್ತಿದವರು ಸಿದ್ದಬಸಪ್ಪನವರೇ. ಮುಚ್ಚಿಡುವುದು ಅವರ ಸ್ವಭಾವವಲ್ಲ. ಅಯ್ಯನವರು ಚನ್ನಬಸಮ್ಮನನ್ನು ಕರೆಸಿ, "ಯಾಕವ್ವ ಹಂಗೆ ಮಾಡ್ದೆ?" ಎಂದು ಕೇಳಿದರು.

"ಹಸಿವಾಗಿತ್ತು ಬುದ್ಧಿ."

ಅಯ್ಯನವರು ಒಂದು ಸೋಮವಾರ ಉಪವಾಸವಿರಲು ಹೇಳಿ, ಪಾದೋದಕ ಕೊಟ್ಟು, ಹಣೆಗೆ ವಿಭೂತಿ ಹಚ್ಚಿ ಶುದ್ಧ ಮಾಡಿದರು. ಚನ್ನಬಸಮ್ಮ ಉಪವಾಸವನ್ನು ನಿಷ್ಠೆಯಿಂದ ಮಾಡಿದಳು. ಅದೇ ವರ್ಷ ಹುಟ್ಟಿದ ಮೊಮ್ಮಗಳ ಹೆಸರಿಡುವುದಕ್ಕೆ ಮಡಿಕೇರಿಗೆ ಹೋದಳು, ಅಂಗಡಿಗೂ ಹೋದಳು, ಬಂದ ಮೇಲೆ ತಾನೇ ಅಯ್ಯನವರಿಗೆ ಹೇಳಿ ಮತ್ತೊಂದು ಸೋಮವಾರ ಉಪವಾಸ ಮಾಡಿದಳು. ಅದರ ಮುಂದಿನ ವರ್ಷ ಮಂಗಳೂರಿನಿಂದ ಬಂದ ಒಬ್ಬ ವೈದ್ಯರು ಮಡಿಕೇರಿಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಕೊಡುತ್ತಾರೆಂದು ಹೋಗಿ ಕಟ್ಟಿಸಿಕೊಂಡಳು. ಈಗ ರೊಟ್ಟಿಯನ್ನೂ ಅಗಿಯಬಹುದಾಗಿತ್ತು. ಆದರೂ ಕೋಟೆಯ ಕೆಳಗಿನ ಏರಿನಲ್ಲಿ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಉಪವಾಸವೂ ತಪ್ಪಲಿಲ್ಲ. ಅಯ್ಯನವರು ಕೊನೆಕೊನೆಗೆ, "ಮಡಿಕೇರಿಗೆ ಹೋಗಿದ್ಯಾ?" ಎಂದಷ್ಟೇ ಕೇಳಿ ವಿಭೂತಿ ಕೈಗೆ ತೆಗೆದುಕೊಳ್ಳುತ್ತಿದ್ದರು.

ಸೂಪನ್ನು ಮನೆಯಲ್ಲೂ ಒಮ್ಮೆ ಮಾಡಿ ನೋಡಿದಳು. ಶನಿವಾರಸಂತೆಯಲ್ಲಿ ಕ್ಯಾರೆಟ್ಟು ಸಿಗಲಿಲ್ಲ, ಕುಂಬಳಕಾಯಿ ಹಾಕಿದಳು. ಸಿದ್ದಬಸಪ್ಪನವರು ಅರ್ಧ ಕುಡಿದು, "ಮೆಣಸಿನ ಸಾರಿಗೆ ಹಾಲು ಯಾಕೆ ಹುಯ್ದೆ?" ಎಂದರು. ಅವಳಿಗೂ ಅದು ರುಚಿಸಲಿಲ್ಲ. ಮತ್ತೆ ಮಾಡಲಿಲ್ಲ.

ಆದರೆ ಅಡುಗೆಮನೆಯಲ್ಲಿ ಒಂದು ಬದಲಾವಣೆ ಆಯಿತು. ಶನಿವಾರ ಮೊದಲ ಪಾತ್ರೆ ಒಲೆಯಿಂದ ಇಳಿದ ಕೂಡಲೇ ಚನ್ನಬಸಮ್ಮ ಲಿಂಗಪೂಜೆ ಮುಗಿಸಿ ತನಗೊಂದು ತಟ್ಟೆ ಹಾಕಿಕೊಂಡು ಕೂತು ಉಣ್ಣತೊಡಗಿದಳು. ನೆಂಟರಿಗೆ ಎಲೆ ಹಾಕುವುದು ಆಮೇಲೆ. ಮೊದಮೊದಲು ಇದನ್ನು ನೋಡಿದ ನೆಂಟರ ಹೆಂಗಸರು ಮುಖ ಮುಖ ನೋಡಿಕೊಂಡರು. ಮುಂದೆ ತನ್ನ ಇಬ್ಬರು ಗಂಡುಮಕ್ಕಳಿಗೆ ಮದುವೆಯಾಗಿ ಸೊಸೆಯರು ಬಂದಾಗ ಅವರನ್ನೂ ಹಾಗೆಯೇ ಕೂರಿಸಿದಳು. ಹಿರಿಸೊಸೆ ಸಂಕೋಚಪಟ್ಟು, "ಮಾವ ಇನ್ನೂ ಉಂಡಿಲ್ಲ ಅತ್ತೆ" ಎಂದರೆ, "ಅವರ ಹೊಟ್ಟೆ ಅವರ ತಾವ ಐತೆ, ನಿನ್ ಹೊಟ್ಟೆ ನಿನ್ ತಾವ ಐತೆ. ಕೂತ್ಕೊ" ಅನ್ನುತ್ತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ಮೂರು ವರ್ಷಗಳಲ್ಲಿ ಮಡಿಕೇರಿಯಲ್ಲಿ ಗೋಧಿ ಹಿಟ್ಟಿನ ಅಭಾವ ಬಂತು, ಅಕ್ಕಿಗೂ ರೇಷನ್ನಿನ ಅಳತೆ ಬಂತು. ಬೋಜಮ್ಮನ ಮಂಡಿಗಳೂ ಸೋತಿದ್ದವು. ಏರು ಹತ್ತಿ ನೀರು ಹೊರುವುದು ಅವಳಿಂದಾಗುತ್ತಿರಲಿಲ್ಲ. ಬಿಟ್ಟಂಗಾಲದಿಂದ ಅಣ್ಣನ ಮಗ ಬಂದು ಕರೆದ, ಅವಳು ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದಳು. ಹೊರಡುವ ಮುಂಚೆ, ಒಂದು ಶನಿವಾರ, ಯಾರಿಗೂ ಹೇಳದೆ ಮೋಟಾರು ಹತ್ತಿ ಶನಿವಾರಸಂತೆಗೆ ಬಂದಳು. ಮೆಣಸಿನಕಾಯಿ ಸಿದ್ದಬಸಪ್ಪನವರ ಮನೆ ಯಾವುದೆಂದು ಕೇಳಿದ್ದಕ್ಕೆ ಸಂತೆಯಲ್ಲಿ ಮೂರು ಜನ ಒಟ್ಟಿಗೆ ಕೈ ತೋರಿಸಿದರು.

ಆ ಮನೆಯಲ್ಲಿ ಬೇರೆ ಜಾತಿಯವರಿಗೆ ಜಗಲಿಯ ಮೇಲೆ ಎಲೆ ಹಾಕುವುದು ರೂಢಿ. ಜಗಲಿಯಲ್ಲಿ ಯಸಳೂರಿನ ಗಾಡಿಯವರು ಉಣ್ಣುತ್ತಿದ್ದರು. ಬೋಜಮ್ಮ ಅವರ ಪಕ್ಕದಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂರಲು ಹೋದಳು. ಚನ್ನಬಸಮ್ಮ ಒಳಗಿನಿಂದ ಬಂದು ಅವಳ ಕೈ ಹಿಡಿದು ಎಬ್ಬಿಸಿ, ನಡುಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ನಡುಮನೆಯ ಪಂಕ್ತಿಯಲ್ಲಿ ಕೂತಿದ್ದ ಕೊಡ್ಲಿಪೇಟೆಯ ನೆಂಟರೊಬ್ಬರು ಕೈ ತಡೆದು ಸಿದ್ದಬಸಪ್ಪನವರ ಕಡೆ ನೋಡಿದರು. ಸಿದ್ದಬಸಪ್ಪನವರು ಹೆಂಡತಿಯನ್ನೂ ನೋಡಿದರು, ಬೋಜಮ್ಮನನ್ನೂ ನೋಡಿದರು. ಆಮೇಲೆ ಎದ್ದು ರುಮಾಲು ಸರಿಮಾಡಿಕೊಂಡು ಅಂಗಡಿಗೆ ಹೋದರು. ಯಜಮಾನರೇ ಏನೂ ಹೇಳದೆ ಹೋದ ಮೇಲೆ ನೆಂಟರು ಮತ್ತೆ ಅನ್ನಕ್ಕೆ ಕೈ ಹಾಕಿದರು.

ಚನ್ನಬಸಮ್ಮ ಸೊಸೆಯರನ್ನು ದೂರ ನಿಲ್ಲಿಸಿ ಬೋಜಮ್ಮನಿಗೆ ತಾನೇ ಬಡಿಸಿದಳು. ಹೋಳಿಗೆ ಮಾಡಿಸಲು ಸಮಯವಿರಲಿಲ್ಲ. ಇದ್ದದ್ದು ಶನಿವಾರದ ಊಟ: ರೊಟ್ಟಿ, ಹುರುಳಿ ಕಟ್ಟಿನ ಸಾರು, ಕೆಂಪು ಮೆಣಸಿನಕಾಯಿ ಚಟ್ನಿ. ಮೊದಲ ತುತ್ತಿಗೇ ಬೋಜಮ್ಮನ ಕಣ್ಣು ಮೂಗು ಎರಡರಲ್ಲೂ ನೀರು ಬಂತು. ಒಂದು ಚೊಂಬು ನೀರು ಕುಡಿದು ಅವಳು ನಗತೊಡಗಿದಳು.

"ಇಷ್ಟು ಖಾರ ತಿಂದೇ ಅಲ್ವಾ ಅಕ್ಕ, ನಿಮ್ಮ ಹಲ್ಲು ಹೋದದ್ದು!"

ಸೊಸೆಯರು ನಕ್ಕರು, ಚನ್ನಬಸಮ್ಮನೂ ಸೆಟ್ಟು ಜಾರದಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಮೊಸರು ತರಿಸಿ ಬಡಿಸಿದಳು. ಸಂಜೆಯ ಮೋಟಾರಿಗೆ ಬೋಜಮ್ಮನನ್ನು ತಾನೇ ಹೋಗಿ ಹತ್ತಿಸಿ ಬಂದಳು. ಕತ್ತಲಾಗುವ ಮುಂಚೆ ಸಿದ್ದಬಸಪ್ಪನವರು ಅಂಗಡಿ ಬಾಗಿಲು ಹಾಕಿ ಬಂದು, "ಅವರು ಉಂಡ್ರಾ?" ಎಂದು ಕೇಳಿದರು.

"ಉಂಡ್ರು."

"ಸರಿ" ಎಂದು ಕಾಲು ತೊಳೆಯಲು ಹೋದರು.

ಆಮೇಲೆ ಚನ್ನಬಸಮ್ಮ, ಬೋಜಮ್ಮ ಮತ್ತೆ ಭೇಟಿಯಾಗಲಿಲ್ಲ. ಮಡಿಕೇರಿಯ ಆ ಎರಡು ಕೋಣೆಗೆ ಒಬ್ಬ ದರ್ಜಿ ಬಂದ. ಬಿಟ್ಟಂಗಾಲಕ್ಕೆ ಹೋಗಿ ಬರಬೇಕೆಂದು ಚನ್ನಬಸಮ್ಮ ಒಂದೆರಡು ಸಲ ಹೇಳಿದ್ದುಂಟು. ಶನಿವಾರಸಂತೆಯಿಂದ ಅದು ಕೊಡಗಿನ ಇನ್ನೊಂದು ತುದಿ, ಯುದ್ಧದ ಕಾಲದಲ್ಲಿ ಮೋಟಾರುಗಳೂ ಸರಿಯಾಗಿ ಓಡುತ್ತಿರಲಿಲ್ಲ. ಬೋಜಮ್ಮ ಚೆನ್ನಾಗಿದ್ದಾಳೆ, ಅಣ್ಣನ ಮನೆಯ ಹಿತ್ತಿಲಲ್ಲಿ ಕ್ಯಾರೆಟ್ಟು ಬೆಳೆದಿದ್ದಾಳೆ ಎಂದು ವಿರಾಜಪೇಟೆಗೆ ಹೋಗಿ ಬಂದ ಕುಶಾಲಪ್ಪ ಒಮ್ಮೆ ಮರುಳಸಿದ್ದಪ್ಪನಿಗೆ ಹೇಳಿದ. ಅಳಿಯ ಅದನ್ನು ಸುಮಿತ್ರಮ್ಮನಿಗೆ ಹೇಳಿದ. ಹಬ್ಬಕ್ಕೆ ತವರಿಗೆ ಹೋದಾಗ ಸುಮಿತ್ರಮ್ಮ ತಾಯಿಗೆ ತಿಳಿಸಿದಳು.